ಲೋಡ್ 15, ಸಿಪಿಯು ಮಾತ್ರ ಖಾಲಿ: ಪಿಎಸ್‌ನ ಸ್ಟ್ಯಾಟ್ ಕಾಲಂ ಹೇಗೆ ಓದಬೇಕು?

ಶೆಲ್‌ಮನೆ (ಪ್ರಶ್ನೆ)

4 ಕೋರ್‌ನ ಲಿನಕ್ಸ್ ಸರ್ವರ್. ಅಪ್‌ಟೈಮ್ ಕೊಟ್ಟರೆ ಲೋಡ್ ಆವರೇಜ್ 15ರ ಆಸುಪಾಸು ಇದೆ. ಟಾಪ್ ನೋಡಿದರೆ ಸಿಪಿಯು ಶೇ 95ಕ್ಕಿಂತ ಹೆಚ್ಚು ಐಡಲ್, ಡಬ್ಲ್ಯೂಎ (ಡಿಸ್ಕ್‌ನಂಥ ಐಒಗೆ ಕಾಯುತ್ತ ಸಿಪಿಯು ಖಾಲಿ ಕೂತ ಸಮಯ) ಕೂಡ ಹೆಚ್ಚುಕಡಿಮೆ ಸೊನ್ನೆ. ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಮೂಲಕ ಅರ್ಧ ಗಂಟೆಗೊಮ್ಮೆ ಓಡುವ ಬ್ಯಾಕಪ್ ಸ್ಕ್ರಿಪ್ಟ್‌ನ ಆರ್‌ಸಿಂಕ್ (ಫೈಲ್ ನಕಲಿಸುವ ಸಾಧನ) ಪ್ರೊಸೆಸ್‌ಗಳು ಪಿಎಸ್ ಎಯುಎಕ್ಸ್ ಕಮಾಂಡ್ ಕೊಡುವ ಪ್ರೊಸೆಸ್‌ಗಳ ಪಟ್ಟಿಯಲ್ಲಿ ಸಾಲಾಗಿ ನಿಂತಿವೆ. ಪ್ರೊಸೆಸ್‌ನ ಸ್ಥಿತಿ ಹೇಳುವ ಸ್ಟ್ಯಾಟ್ ಕಾಲಂನಲ್ಲಿ ಬಹುಪಾಲು ‘ಡಿ’, ನಾಲ್ಕೈದು ‘ಜಡ್’. ಕಿಲ್ -9 (ಬಲವಂತವಾಗಿ ಮುಗಿಸುವ ಸಿಗ್‌ಕಿಲ್ ಸಿಗ್ನಲ್) ಕೊಟ್ಟರೆ ಕೆಲವು ಹೋಗುತ್ತವೆ, ಕೆಲವು ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಯಾವ ಪ್ರೊಸೆಸ್ ಯಾವುದಕ್ಕಾಗಿ ಕಾಯುತ್ತಿದೆ ಅಂತ ರೀಬೂಟ್ ಮಾಡದೆ ಪತ್ತೆ ಹಚ್ಚುವುದು ಹೇಗೆ? ಇನ್ನೊಂದು ಅನುಮಾನ: ಒಂದೇ ಪ್ರೊಸೆಸ್‌ಗೆ ಪಿಎಸ್ ತೋರಿಸುವ ಸಿಪಿಯು ಶೇಕಡಾವಾರು ಟಾಪ್‌ನದಕ್ಕೆ ತಾಳೆಯಾಗುವುದಿಲ್ಲ. ಯಾವುದನ್ನು ನಂಬಬೇಕು?

ಕರ್ನಲ್‌ಕಟ್ಟೆ

ಲೋಡ್ ಅಂದರೆ ಸಿಪಿಯು ಬಳಕೆ ಅಂತ ಓದಬೇಡಿ. ಲಿನಕ್ಸ್‌ನಲ್ಲಿ ಎರಡು ಬಗೆಯವು ಆ ಲೆಕ್ಕಕ್ಕೆ ಸೇರುತ್ತವೆ: ಓಡುತ್ತಿರುವ ಅಥವಾ ಓಡಲು ಸರದಿಯಲ್ಲಿರುವ ‘ಆರ್’, ಜೊತೆಗೆ ಎಬ್ಬಿಸಲಾಗದ ನಿದ್ದೆಯಲ್ಲಿರುವ ‘ಡಿ’. 1993ರಿಂದಲೂ ಹೀಗೇ ಇದೆ. 15 ಪ್ರೊಸೆಸ್‌ಗಳು ಡಿ ಸ್ಥಿತಿಯಲ್ಲಿ ಕೂತುಬಿಟ್ಟರೆ, ಸಿಪಿಯುಗೆ ಏನೂ ಕೆಲಸ ಇಲ್ಲದಿದ್ದರೂ ಲೋಡ್ ನಿಧಾನಕ್ಕೆ 15ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ.

ಸ್ಟ್ಯಾಟ್‌ನ ಮೊದಲ ಅಕ್ಷರವೇ ಮುಖ್ಯ. ‘ಎಸ್’ ಅಂದರೆ ಸಿಗ್ನಲ್ ಬಂದರೆ ಏಳುವ ನಿದ್ದೆ. ಶೆಲ್, ವೆಬ್ ಸರ್ವರ್, ಡೇಟಾಬೇಸ್ ಎಲ್ಲವೂ ಹೆಚ್ಚು ಹೊತ್ತು ಇದರಲ್ಲೇ ಇರುತ್ತವೆ, ಅದರಲ್ಲಿ ತಪ್ಪೇನೂ ಇಲ್ಲ. ‘ಟಿ’ ಅಂದರೆ ಕಂಟ್ರೋಲ್-ಜಡ್ ಒತ್ತಿ ನಿಲ್ಲಿಸಿದ್ದು. ಚದರ ಕಂಸದೊಳಗೆ ಹೆಸರಿರುವ ಕರ್ನಲ್ ಥ್ರೆಡ್‌ಗಳಲ್ಲಿ ಕೆಲಸವಿಲ್ಲದೆ ಕೂತ ಹಲವಕ್ಕೆ ‘ಐ’ ಬರುತ್ತದೆ. ಅವನ್ನು ಬಿಟ್ಟುಬಿಡಿ, ಲೋಡ್‌ಗೂ ಅವು ಸೇರುವುದಿಲ್ಲ. ಮೊದಲ ಅಕ್ಷರದ ನಂತರ ಬರುವವು ಬರೀ ವಿಶೇಷಣಗಳು: ಸಣ್ಣ ‘ಎಸ್’ ಇದ್ದರೆ ಸೆಷನ್ ಲೀಡರ್, ಸಣ್ಣ ‘ಎಲ್’ ಇದ್ದರೆ ಹಲವು ಥ್ರೆಡ್‌ಗಳುಳ್ಳದ್ದು, ‘+’ ಇದ್ದರೆ ಟರ್ಮಿನಲ್‌ನ ಮುನ್ನೆಲೆಯಲ್ಲಿರುವುದು, ‘ಎನ್’ ಇದ್ದರೆ ನೈಸ್ ಕೊಟ್ಟು ಆದ್ಯತೆ ತಗ್ಗಿಸಿದ್ದು.

ನಿಮ್ಮ ತೊಂದರೆ ಇರುವುದು ‘ಡಿ’ಯಲ್ಲಿ. ಪ್ರೊಸೆಸ್ ಸಿಸ್ಟಂ ಕಾಲ್ ಮಾಡಿ ಕರ್ನಲ್ ಒಳಗೆ ಹೋಗಿದೆ. ಕೇಳಿದ್ದು ಸಿಗುವವರೆಗೆ ಅದನ್ನು ಅರ್ಧದಲ್ಲಿ ಎಬ್ಬಿಸುವಂತಿಲ್ಲ. ಕಿಲ್ -9 ಕೊಟ್ಟಾಗ ಸಿಗ್ನಲ್ ಕಳೆದುಹೋಗುವುದಿಲ್ಲ, ಬಾಕಿ ಅಂತ ದಾಖಲಾಗಿರುತ್ತದೆ. /ಪ್ರೊಕ್/ಪಿಐಡಿ/ಸ್ಟೇಟಸ್ ಫೈಲ್ (ಪಿಐಡಿ ಅಂದರೆ ಪ್ರೊಸೆಸ್‌ನ ಸಂಖ್ಯೆ) ತೆರೆದು ಸಿಗ್‌ಪಿಎನ್‌ಡಿ, ಎಸ್‌ಎಚ್‌ಡಿಪಿಎನ್‌ಡಿ ಸಾಲುಗಳನ್ನು ನೋಡಿ. ಕೊನೆಗೆ 100 ಅಂತಿದ್ದರೆ ಅದು 9ನೇ ಸಿಗ್ನಲ್‌ನ ಬಿಟ್. ಪ್ರೊಸೆಸ್ ಎದ್ದ ಕ್ಷಣವೇ ಅದು ಜಾರಿಯಾಗುತ್ತದೆ. ಹಾಗಾಗಿ ಮತ್ತೆ ಮತ್ತೆ ಕಿಲ್ ಕೊಟ್ಟು ಪ್ರಯೋಜನ ಇಲ್ಲ.

ಯಾವುದಕ್ಕೆ ಕಾಯುತ್ತಿದೆ ಅಂತ ಹೇಳುವುದು ಡಬ್ಲ್ಯೂಚಾನ್ ಕಾಲಂ, ಪ್ರೊಸೆಸ್ ಕರ್ನಲ್‌ನ ಯಾವ ಫಂಕ್ಷನ್‌ನಲ್ಲಿ ಮಲಗಿದೆ ಅಂತ ಅದು ತೋರಿಸುತ್ತದೆ:

ಸುಡೊ ಪಿಎಸ್ -ಇಒ ಸ್ಟ್ಯಾಟ್,ಪಿಐಡಿ,ಪಿಪಿಐಡಿ,ಇಟೈಮ್,ಡಬ್ಲ್ಯೂಚಾನ್:32,ಕಾಮ್ | ಗ್ರೆಪ್ '^[ಡಿಜಡ್]'

ಸ್ಟ್ಯಾಟ್ ಅನ್ನು ಮೊದಲು ಇಟ್ಟಿರುವುದು ಗ್ರೆಪ್ ಸಲೀಸಾಗಲಿ ಅಂತ. ಚದರ ಕಂಸದಲ್ಲಿ ಎರಡೇ ದೊಡ್ಡಕ್ಷರಗಳು, ಡಿ ಮತ್ತು ಜಡ್ (ಸತ್ತರೂ ಪಟ್ಟಿಯಲ್ಲಿ ಉಳಿದದ್ದು). ‘:32’ ಹಾಕದಿದ್ದರೆ ಫಂಕ್ಷನ್ ಹೆಸರು ಆರೇ ಅಕ್ಷರಕ್ಕೆ ತುಂಡಾಗುತ್ತದೆ. ಸುಡೊ ಇಲ್ಲದಿದ್ದರೆ ಬೇರೆ ಬಳಕೆದಾರರ ಪ್ರೊಸೆಸ್‌ಗಳಿಗೆ ಬರೀ ‘-’ ಬರುತ್ತದೆ. ಇದರ ಫಲಿತಾಂಶ ಇಲ್ಲಿ ಹಾಕಿ.

ಶೆಲ್‌ಮನೆ

ಒಟ್ಟು 14 ಡಿ ಇವೆ. ಎರಡು ಬಗೆಯವು ಕಾಣುತ್ತಿವೆ, ಮಾದರಿಗೆ ಮೂರು ಸಾಲು:

ಡಿ 4127 4101 02:13:40 ಆರ್‌ಪಿಸಿ_ವೇಟ್_ಬಿಟ್_ಕಿಲ್ಲಬಲ್ ಆರ್‌ಸಿಂಕ್
ಡಿ 4388 4360 01:43:38 ಆರ್‌ಡಬ್ಲ್ಯೂಸೆಮ್_ಡೌನ್_ರೈಟ್_ಸ್ಲೋಪಾತ್ ಆರ್‌ಸಿಂಕ್
ಜಡ್ 4290 2210 01:58:02 - ಆರ್‌ಸಿಂಕ್

ಎರಡನೇ ಬಗೆಯವೇ ಜಾಸ್ತಿ. ಬ್ಯಾಕಪ್ ಹೋಗುವುದು ಎನ್‌ಎಫ್‌ಎಸ್ ಮೌಂಟ್‌ಗೆ (ನೆಟ್‌ವರ್ಕ್ ಮೂಲಕ ಜೋಡಿಸಿದ ಬೇರೆ ಸರ್ವರ್‌ನ ಫೋಲ್ಡರ್).

ಕರ್ನಲ್‌ಕಟ್ಟೆ

ಹಾಗಾದರೆ ಕಾರಣ ಸಿಕ್ಕಿತು. 4127 ಆರ್‌ಪಿಸಿ (ನೆಟ್‌ವರ್ಕ್ ಮೂಲಕ ಸರ್ವರ್‌ಗೆ ಹೋಗುವ ಕೋರಿಕೆ) ಕಳಿಸಿ ಎನ್‌ಎಫ್‌ಎಸ್ ಸರ್ವರ್‌ನ ಉತ್ತರಕ್ಕೆ ಕಾಯುತ್ತಿದೆ. ಮೌಂಟ್ ‘ಹಾರ್ಡ್’ ಆಗಿದ್ದರೆ, ಡಿಫಾಲ್ಟ್ ಅದೇ, ಸರ್ವರ್ ಮಾತಾಡುವವರೆಗೂ ಕ್ಲೈಂಟ್ ಕೊನೆಯಿಲ್ಲದೆ ಪ್ರಯತ್ನಿಸುತ್ತಲೇ ಇರುತ್ತದೆ. 4388 ನೆಟ್‌ವರ್ಕ್‌ಗೆ ಕಾಯುತ್ತಿಲ್ಲ, ಬೀಗಕ್ಕೆ ಕಾಯುತ್ತಿದೆ. ಮೊದಲು ಹೋದವನು ಡೈರೆಕ್ಟರಿಯ ಐನೋಡ್ (ಫೈಲ್ ವ್ಯವಸ್ಥೆಯಲ್ಲಿ ಅದರ ದಾಖಲೆ) ಬೀಗ ಹಿಡಿದುಕೊಂಡೇ ಸರ್ವರ್‌ಗಾಗಿ ಕೂತಿದ್ದಾನೆ, ಅದೇ ಡೈರೆಕ್ಟರಿಯಲ್ಲಿ ಫೈಲ್ ಸೃಷ್ಟಿಸಲು ಬಂದವರೆಲ್ಲ ಅವನ ಹಿಂದೆ ಸಾಲುಗಟ್ಟಿದ್ದಾರೆ.

ಕಿಲ್ -9 ಕೆಲವಕ್ಕೆ ಮಾತ್ರ ತಾಗಿದ್ದೂ ಇದರಿಂದಲೇ. ಹೆಸರಿನ ಕೊನೆಗೆ ‘ಕಿಲ್ಲಬಲ್’ ಇದೆಯಲ್ಲ, ಕರ್ನಲ್ 2.6.25ರಿಂದ ಅಂಥ ಕಾಯುವಿಕೆಯನ್ನು ಸಿಗ್‌ಕಿಲ್ ಮುರಿಯುತ್ತದೆ. ಪಿಎಸ್ ಮಾತ್ರ ಇದನ್ನೂ ಬೇರೆಯದನ್ನೂ ಒಂದೇ ‘ಡಿ’ ಅಂತ ತೋರಿಸುತ್ತದೆ. ಬೀಗಕ್ಕೆ ಕಾಯುವ ಎರಡನೇ ಬಗೆಗೆ ಈ ಸೌಲಭ್ಯ ಇಲ್ಲ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಆರ್‌ಪಿಸಿ ಸಾಲಿನವುಗಳನ್ನು ಕೊಲ್ಲಿ. ಬೀಗ ಬಿಡುಗಡೆಯಾಗಿ ಮುಂದಿನದಕ್ಕೆ ಸಿಗುತ್ತದೆ. ಅದಕ್ಕೆ ಆಗಲೇ ಸಿಗ್‌ಕಿಲ್ ಬಾಕಿ ಇದ್ದರೆ ತಾನಾಗಿ ಸಾಯುತ್ತದೆ, ಇಲ್ಲದಿದ್ದರೆ ಅದೂ ಆರ್‌ಪಿಸಿ ಸಾಲಿಗೆ ಬಂದು ನಿಲ್ಲುತ್ತದೆ, ಆಗ ಕೊಲ್ಲಬಹುದು.

ಡಬ್ಲ್ಯೂಎ ಸೊನ್ನೆ ಇರುವುದಕ್ಕೂ ಉತ್ತರ ಇಲ್ಲೇ ಇದೆ. ಆರ್‌ಪಿಸಿಯ ಈ ಕಾಯುವಿಕೆಯನ್ನಾಗಲಿ ಬೀಗದ ಕಾಯುವಿಕೆಯನ್ನಾಗಲಿ ಕರ್ನಲ್ ಐಒ-ವೇಟ್ ಅಂತ ಎಣಿಸುವುದಿಲ್ಲ. ಡಬ್ಲ್ಯೂಎ ಕಡಿಮೆ ಇದೆ ಅಂತ ಸ್ಟೋರೇಜ್ ಕಡೆ ನೋಡದೆ ಬಿಟ್ಟರೆ ದಾರಿ ತಪ್ಪುತ್ತದೆ.

ಲಾಗ್‌ನೋಡಿ

ಮೇಲಿನದಕ್ಕೆ ಸೇರಿಸಬೇಕಾದ್ದು ಸ್ವಲ್ಪ ಇದೆ. ಈ ಹೊತ್ತಿನಲ್ಲಿ ಬರೀ ಡಿಎಫ್ (ಡಿಸ್ಕ್ ಜಾಗ ತೋರಿಸುವ ಕಮಾಂಡ್) ಕೊಡಬೇಡಿ, ಆ ಮೌಂಟ್ ಒಳಗೆ ಎಲ್‌ಎಸ್ ಕೂಡ ಬೇಡ. ಅವೂ ಹೋಗಿ ಅದೇ ಸರದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಸ್ಥಳೀಯ ಡಿಸ್ಕ್‌ಗಳಿಗೆ ಡಿಎಫ್ -ಎಲ್, ಮೌಂಟ್ ಪಟ್ಟಿಗೆ /ಪ್ರೊಕ್/ಮೌಂಟ್ಸ್ ಸಾಕು.

ಕೆಲವೊಮ್ಮೆ ಪಿಎಸ್ ಎಯುಎಕ್ಸ್ ಕೂಡ ಅರ್ಧ ಪಟ್ಟಿ ತೋರಿಸಿ ನಿಂತುಬಿಡುತ್ತದೆ. ಪೂರ್ತಿ ಕಮಾಂಡ್ ಸಾಲು ತೋರಿಸಲು ಅದು /ಪ್ರೊಕ್/ಪಿಐಡಿ/ಸಿಎಂಡಿಲೈನ್ ಓದಬೇಕು, ಅದಕ್ಕೆ ಆ ಪ್ರೊಸೆಸ್‌ನ ಮೆಮೊರಿ ಮ್ಯಾಪ್ ಬೀಗ ಬೇಕು. ಬೀಗ ಹಿಡಿದವನೇ ಡಿಯಲ್ಲಿದ್ದರೆ ಪಿಎಸ್‌ಗೂ ಅದೇ ಗತಿ. ಮೇಲೆ ಕೊಟ್ಟ ಕಮಾಂಡ್‌ನಲ್ಲಿ ‘ಆರ್ಗ್ಸ್’ ಬದಲು ‘ಕಾಮ್’ ಇರುವುದರಿಂದ ಆ ಫೈಲನ್ನು ಮುಟ್ಟುವುದೇ ಇಲ್ಲ. ಕಾಮ್‌ಗೆ 15 ಅಕ್ಷರಗಳ ಮಿತಿ ಇದೆ ಅನ್ನುವುದು ನೆನಪಿರಲಿ. ಹೆಸರಿನಿಂದ ಪ್ರೊಸೆಸ್ ಹುಡುಕುವ ಪಿಗ್ರೆಪ್‌ಗೆ ಅದಕ್ಕಿಂತ ಉದ್ದದ ಹೆಸರು ಕೊಟ್ಟರೆ ಏನೂ ಸಿಗದಿರುವುದು ಇದೇ ಕಾರಣಕ್ಕೆ, ಆಗ -ಎಫ್ ಹಾಕಬೇಕು.

ಡಿಮೆಸ್ಸೇಜ್‌ನಲ್ಲಿ (ಕರ್ನಲ್ ಸಂದೇಶಗಳ ಲಾಗ್) ‘120 ಸೆಕೆಂಡಿಗಿಂತ ಹೆಚ್ಚು ಹೊತ್ತು ಬ್ಲಾಕ್ ಆಗಿದೆ’ ಎಂಬ ಅರ್ಥದ ಸಾಲುಗಳಿರಬಹುದು, ನೋಡಿ. ಅಲ್ಲಿ 4388ರಂಥವು ಬರುತ್ತವೆ. ಕಿಲ್ಲಬಲ್ ಆಗಿ ಕಾಯುವವನ್ನು ಆ ಸಾಲುಗಳನ್ನು ಬರೆಯುವ ಕರ್ನಲ್‌ನ ಪತ್ತೆದಾರ ಥ್ರೆಡ್ ಬಿಟ್ಟುಬಿಡುತ್ತದೆ, ಅಂದರೆ ಮೂಲ ಅಪರಾಧಿ 4127 ಅಲ್ಲಿ ಕಾಣುವುದಿಲ್ಲ. ಒಂದು ಪ್ರೊಸೆಸ್‌ನ ಪೂರ್ತಿ ಕರ್ನಲ್ ಸ್ಟ್ಯಾಕ್ ಬೇಕಾದರೆ ರೂಟ್ ಆಗಿ /ಪ್ರೊಕ್/ಪಿಐಡಿ/ಸ್ಟ್ಯಾಕ್ ಓದಿ.

ಎನ್‌ಎಫ್‌ಎಸ್ ಸರ್ವರ್ ವಾಪಸ್ ಬಂದರೆ ಎಲ್ಲವೂ ಬಿಟ್ಟಲ್ಲಿಂದ ಮುಂದುವರಿಯುತ್ತವೆ, ಅದೇ ಅತ್ಯುತ್ತಮ. ಬರುವ ಲಕ್ಷಣ ಇಲ್ಲದಿದ್ದರೆ ಮೌಂಟನ್ನು ಬಲವಂತವಾಗಿ ಬಿಡಿಸುವ ಯುಮೌಂಟ್ -ಎಫ್ ಕೊಡಿ, ಬಾಕಿ ಕೋರಿಕೆಗಳು ದೋಷದೊಂದಿಗೆ ಹಿಂತಿರುಗುತ್ತವೆ. ಕೆಲವೊಮ್ಮೆ ಎರಡು ಮೂರು ಸಲ ಕೊಡಬೇಕಾಗುತ್ತದೆ. ಯುಮೌಂಟ್ -ಎಲ್ ಮೌಂಟನ್ನು ಕಣ್ಣಿಂದ ಮರೆ ಮಾಡುತ್ತದೆ ಅಷ್ಟೆ, ಸಿಕ್ಕಿಕೊಂಡವು ಹಾಗೇ ಇರುತ್ತವೆ. ‘ಸಾಫ್ಟ್’ ಮೌಂಟ್ ಮಾಡಿ ಅಂತ ಯಾರಾದರೂ ಹೇಳಿದರೆ ಬರೆಯುವ ಮೌಂಟ್‌ಗೆ ಖಂಡಿತ ಬೇಡ: ಸಮಯ ಮೀರಿದಾಗ ರೈಟ್ ವಿಫಲವಾಗಿ ಡೇಟಾ ಕೆಡುವ ಅಪಾಯ ಇದೆ.

ಪ್ರೊಸೆಸ್‌ಗಳು ಗುಡ್ಡೆ ಬೀಳದಂತೆ ಕ್ರಾನ್ ಸಾಲಿನಲ್ಲಿ ಸ್ಕ್ರಿಪ್ಟ್‌ಗೆ ಮುಂಚೆ ಎಫ್‌ಲಾಕ್ -ಎನ್ ಸೇರಿಸಿ. ಹಿಂದಿನ ಬ್ಯಾಕಪ್ ಮುಗಿಯದಿದ್ದರೆ ಹೊಸದು ಶುರುವೇ ಆಗುವುದಿಲ್ಲ. ಬೀಗದ ಫೈಲ್ ಸ್ಥಳೀಯ ಡಿಸ್ಕ್‌ನಲ್ಲಿರಲಿ, ಆ ಎನ್‌ಎಫ್‌ಎಸ್ ಮೇಲೆ ಬೇಡ.

ಪೈಪ್‌ಲೈನ್

ಜಡ್ ಬಗ್ಗೆ: ಅವು ಆಗಲೇ ಸತ್ತಿವೆ, ಕಿಲ್ ತಾಗುವುದಕ್ಕೆ ಏನೂ ಉಳಿದಿಲ್ಲ. ಪೇರೆಂಟ್ (ಅದನ್ನು ಹುಟ್ಟಿಸಿದ ಪ್ರೊಸೆಸ್) ವೇಟ್ ಕರೆದು ಎಕ್ಸಿಟ್ ಕೋಡ್ ತೆಗೆದುಕೊಳ್ಳುವವರೆಗೆ ಪಟ್ಟಿಯಲ್ಲಿ ಹೆಸರು ಇರುತ್ತದೆ. ಮೆಮೊರಿ ತಿನ್ನುವುದಿಲ್ಲ, ಪಿಐಡಿ ಒಂದನ್ನು ಹಿಡಿದಿಟ್ಟಿರುತ್ತವೆ. ನಿಮ್ಮಲ್ಲಿ ಪೇರೆಂಟ್ 2210. ಅದೂ ಸಿಕ್ಕಿಕೊಂಡಿದೆಯೇ ನೋಡಿ, ಅದು ಸತ್ತರೆ ಪಿಐಡಿ 1 (ಸಿಸ್ಟಂನ ಮೊದಲ ಪ್ರೊಸೆಸ್) ಈ ಅನಾಥರನ್ನು ತೆಗೆದುಕೊಂಡು ಗುಡಿಸಿಹಾಕುತ್ತದೆ. ಕಂಟೇನರ್ ಒಳಗಾದರೆ ಪಿಐಡಿ 1 ನಿಮ್ಮ ಅಪ್ಲಿಕೇಶನ್ನೇ ಆಗಿದ್ದು ವೇಟ್ ಮಾಡದೇ ಹೋಗಬಹುದು. ಡಾಕರ್‌ನಲ್ಲಿ --ಇನಿಟ್ ಇರುವುದು ಅದಕ್ಕೇ.

ಶೇಕಡಾವಾರು ಪ್ರಶ್ನೆಗೆ: ಎರಡೂ ಸರಿ, ಅಳೆಯುವುದು ಬೇರೆ ಬೇರೆ. ಪಿಎಸ್ ಪ್ರೊಸೆಸ್ ಹುಟ್ಟಿದಾಗಿನಿಂದ ಬಳಸಿದ ಒಟ್ಟು ಸಿಪಿಯು ಸಮಯವನ್ನು ಅದರ ವಯಸ್ಸಿನಿಂದ ಭಾಗಿಸುತ್ತದೆ. 10 ಗಂಟೆ ಸುಮ್ಮನಿದ್ದು ಕೊನೆಯ 6 ನಿಮಿಷ ಒಂದು ಕೋರನ್ನು ಪೂರ್ತಿ ನುಂಗಿದ ಪ್ರೊಸೆಸ್ ಪಿಎಸ್‌ನಲ್ಲಿ ಶೇ 1ರಷ್ಟು ಕಾಣುತ್ತದೆ, ಟಾಪ್‌ನಲ್ಲಿ ಶೇ 100. ಈ ಕ್ಷಣದ ಸ್ಥಿತಿಗೆ ಟಾಪ್ ನೋಡಿ. ಸ್ಕ್ರಿಪ್ಟ್‌ನಲ್ಲಿ ಬೇಕಾದರೆ ಟಾಪ್ -ಬಿ -ಎನ್ 2 ಕೊಟ್ಟು ಎರಡನೇ ಪರದೆಯ ಅಂಕಿಗಳನ್ನು ತೆಗೆದುಕೊಳ್ಳಿ, ಮೊದಲನೆಯದರಲ್ಲಿ ಹೋಲಿಸಲು ಹಿಂದಿನ ಅಳತೆ ಇರುವುದಿಲ್ಲ. ಟೈಮ್ ಕಾಲಂ ಸಿಪಿಯು ತಿಂದ ಸಮಯ, ಇಟೈಮ್ ಗೋಡೆ ಗಡಿಯಾರದ ಸಮಯ. ಇಟೈಮ್ ಎರಡು ಗಂಟೆ, ಟೈಮ್ ಎರಡು ಸೆಕೆಂಡ್ ಇದ್ದರೆ ಅದು ಕೆಲಸ ಮಾಡುತ್ತಿಲ್ಲ, ಕಾಯುತ್ತಿದೆ. ಪಿಎಸ್ ಪಟ್ಟಿಯಲ್ಲಿ ನಾನು ಮೊದಲು ನೋಡುವುದು ಈ ಜೋಡಿಯನ್ನೇ.

ಈ ಅಕ್ಷರಗಳನ್ನು ಬೇರೆ ಯುನಿಕ್ಸ್‌ಗೆ ಹಾಗೇ ಒಯ್ಯಬೇಡಿ. ಫ್ರೀಬಿಎಸ್‌ಡಿ, ಮ್ಯಾಕ್‌ಓಎಸ್‌ಗಳಲ್ಲಿ ‘ಐ’ ಅಂದರೆ ಸುಮಾರು 20 ಸೆಕೆಂಡಿಗಿಂತ ಹೆಚ್ಚು ಹೊತ್ತು ಮಲಗಿರುವ ಸಾಮಾನ್ಯ ಪ್ರೊಸೆಸ್, ಕರ್ನಲ್ ಥ್ರೆಡ್ ಅಲ್ಲ. ಮ್ಯಾಕ್‌ಓಎಸ್‌ನಲ್ಲಿ ಎಬ್ಬಿಸಲಾಗದ ಕಾಯುವಿಕೆಗೆ ಡಿ ಬದಲು ‘ಯು’ ಬರುತ್ತದೆ. ಎರಡರಲ್ಲೂ ಪಿಎಸ್‌ಗೆ --ಸಾರ್ಟ್ ಇಲ್ಲ, ಸಿಪಿಯು ಪ್ರಕಾರ ಜೋಡಿಸಲು -ಆರ್, ಮೆಮೊರಿ ಪ್ರಕಾರ ಜೋಡಿಸಲು -ಎಂ.

ಶೆಲ್‌ಮನೆ

ಆರ್‌ಪಿಸಿ ಸಾಲಿನಲ್ಲಿದ್ದುದನ್ನು ಮೊದಲು ಕೊಂದ ಮೇಲೆ, ಆಗಲೇ ಕಿಲ್ ಬಾಕಿ ಇದ್ದ ಉಳಿದವು ತಾವಾಗಿಯೇ ಒಂದರ ಹಿಂದೆ ಒಂದು ಹೋದವು. 2210 ಕೊಂದ ತಕ್ಷಣ ಜಡ್‌ಗಳೂ ಇಲ್ಲವಾದವು. ಲೋಡ್ ಇಳಿಯುತ್ತಿದೆ. ಎನ್‌ಎಫ್‌ಎಸ್ ಸರ್ವರ್ ಕಡೆಯವರಿಗೆ 4127ರ ಸ್ಟ್ಯಾಕ್ ನಕಲನ್ನು ಕಳಿಸಿದ್ದೇನೆ, ಕ್ರಾನ್‌ಗೆ ಎಫ್‌ಲಾಕ್ ಸೇರಿಸಿದ್ದೇನೆ.