ಮುನಿಸಿಕೊಂಡ ಲಾಕ್‌ಡೆಪ್

"ಬಗ್ ಸಿಕ್ಕಿತು" ಎಂದ ಶೀನ. ಮುಖ ಮಾತ್ರ ಏನೋ ಕಳೆದುಕೊಂಡವನ ಹಾಗಿತ್ತು.

"ಸಿಕ್ಕಿದರೆ ಖುಷಿ ಪಡಬೇಕಲ್ವಾ?"

"ಒಂದೇ ಸಲ ಸಿಕ್ಕಿತು ಮಾರಾಯ. ಮೂರು ದಿನದಿಂದ ಕರೆಯುತ್ತಿದ್ದೇನೆ, ಮತ್ತೆ ಬರುತ್ತಿಲ್ಲ."

ಶೀನ ಲಿನಕ್ಸ್‌ಗೆ ಡ್ರೈವರ್, ಅಂದರೆ ಯುಎಸ್‌ಬಿಯಂಥ ಸಾಧನಗಳನ್ನು ನಡೆಸುವ ಕೋಡ್, ಬರೆಯುತ್ತಾನೆ. ಹಾಗೆಂದಾಗಲೆಲ್ಲ "ಬಸ್ಸೋ ಲಾರಿಯೋ?" ಎಂದು ಕೇಳಿಸಿಕೊಂಡು ಸುಸ್ತಾಗಿದ್ದಾನೆ. ಅದಿರಲಿ.

"ಎರಡು ಲಾಕ್ ಇವೆ. ಒಬ್ಬ ಹಿಡಿದರೆ ಅವನು ಬಿಡುವವರೆಗೆ ಇನ್ನೊಬ್ಬ ಕಾಯಬೇಕು. ಐಆಕ್ಟಲ್, ಅಂದರೆ ಪ್ರೋಗ್ರಾಂ ಡ್ರೈವರ್‌ಗೆ ಕಳಿಸುವ ಆಜ್ಞೆ, ಬಂದರೆ ಮೊದಲು ಡಿವೈಸ್ ಲಾಕ್, ಆಮೇಲೆ ಲಿಸ್ಟ್ ಲಾಕ್. ಯುಎಸ್‌ಬಿ ಕಿತ್ತರೆ ಡಿಸ್‌ಕನೆಕ್ಟ್ ಓಡಿಬಂದು ಮೊದಲು ಲಿಸ್ಟ್ ಲಾಕ್, ಆಮೇಲೆ ಡಿವೈಸ್ ಲಾಕ್."

ಗಿರಿಜಾ ಪೆನ್ನು ತಾನಿಟ್ಟುಕೊಂಡು ಕಾಗದ ನನ್ನ ಕೈಗಿಟ್ಟಳು. "ಬರಿ."

"ಪೆನ್ನು ಕೊಡು."

"ಮೊದಲು ಕಾಗದ ಕೊಡು."

ಇಬ್ಬರೂ ಮುಖ ಮುಖ ನೋಡುತ್ತಾ ಕೂತೆವು. "ಇದೇ ಡೆಡ್‌ಲಾಕ್. ಹೀಗೇ 120 ಸೆಕೆಂಡ್ ಕೂತರೆ ಲಿನಕ್ಸ್‌ನ ತಿರುಳಾದ ಕರ್ನಲ್ 'ಈ ಟಾಸ್ಕ್ ಅಲ್ಲಾಡುತ್ತಿಲ್ಲ' ಎಂದು ಲಾಗ್‌ನಲ್ಲಿ ದೂರು ಬರೆಯುತ್ತದೆ" ಎಂದ ಶೀನ. ನನಗೆ ಅಷ್ಟು ತಾಳ್ಮೆ ಇಲ್ಲ, ಕಾಗದ ಬಿಟ್ಟೆ. ಮ್ಯೂಟೆಕ್ಸ್ ಎಂಬ ಈ ಲಾಕ್‌ಗೆ ಹಾಗೆ ಬೇಜಾರಾಗುವುದಿಲ್ಲ.

"ಇಬ್ಬರೂ ಒಂದೇ ಗಳಿಗೆಯಲ್ಲಿ ಕೈ ಹಾಕಬೇಕು, ಅದೇ ಕಷ್ಟ. ಎಲ್ಲಿ ಸಿಕ್ಕಿಬೀಳುತ್ತದೆ ನೋಡೋಣ ಎಂದು ಲಾಗ್‌ಗೆ ಒಂದು ಸಾಲು ಬರೆಯುವ ಪ್ರಿಂಟ್‌ಕೆ ಹಾಕಿದೆ. ಬಗ್ಗೇ ಮಾಯ!"

"ನಾಚಿಕೆ ಸ್ವಭಾವ" ಎಂದೆ.

"ನಾಚಿಕೆ ಅಲ್ಲ ಕಣೋ. ಒಬ್ಬ ಪ್ರಿಂಟ್ ಮಾಡುತ್ತಾ ನಿಂತಿರುವಷ್ಟರಲ್ಲಿ ಇನ್ನೊಬ್ಬ ಎರಡೂ ಲಾಕ್ ಹಿಡಿದು, ಕೆಲಸ ಮುಗಿಸಿ, ಬಿಟ್ಟು ಹೋಗಿರುತ್ತಾನೆ."

"ನೀನು ಕರೆದರೆ ಬರುವುದಿಲ್ಲ, ಸಿಜ್‌ಕಾಲರ್‌ಗೆ ಹೇಳು" ಎಂದಳು ಗಿರಿಜಾ. ಅದು ಬಗ್ ಹುಡುಕಲು ಕರ್ನಲ್‌ಗೆ ಸಿಸ್ಟಂ ಕಾಲ್‌ಗಳ, ಅಂದರೆ ಪ್ರೋಗ್ರಾಂಗಳು ಇಡುವ ಕೋರಿಕೆಗಳ, ಮಳೆ ಸುರಿಸುವ ಫಜರ್. ಇಲ್ಲದ ಯುಎಸ್‌ಬಿಯನ್ನು ಇದೆ ಎಂದು ನಂಬಿಸಿ, ಚುಚ್ಚಿ ಕಿತ್ತು, ಚುಚ್ಚಿ ಕಿತ್ತು ಮಾಡುತ್ತದೆ.

"ಅಂದರೆ ಮಂಗನ ಕೈಗೆ ಕೀಬೋರ್ಡ್."

"1988ರಲ್ಲಿ ಪ್ರೊಫೆಸರ್ ಬಾರ್ಟನ್ ಮಿಲ್ಲರ್ ಇದನ್ನು ಶುರುಮಾಡಿದಾಗ ಹಾಗೇ ಇತ್ತು. ಗುಡುಗು ಮಳೆಗೆ ಫೋನ್ ಲೈನಿನಲ್ಲಿ ಕಸ ಸೇರಿ ಪ್ರೋಗ್ರಾಂಗಳು ಬೀಳುತ್ತಿದ್ದವು. ಸರಿ, ಕಸವನ್ನು ಬೇಕೆಂದೇ ಸುರಿಯೋಣ ಎಂದುಕೊಂಡರು. ಈಗಿನ ಮಂಗ ಚುರುಕು. ಯಾವ ಇನ್‌ಪುಟ್ ಕೋಡಿನಲ್ಲಿ ಹೊಸ ಓಣಿಗೆ ಹೋಯಿತೋ ಅದನ್ನು ಎತ್ತಿಟ್ಟುಕೊಂಡು, ಅದನ್ನೇ ತಿರುಚಿ ತಿರುಚಿ ಎಸೆಯುತ್ತದೆ."

"ಅದನ್ನೂ ರಾತ್ರಿಯಿಡೀ ಓಡಿಸಿದೆ. ಏನೂ ಇಲ್ಲ" ಎಂದ ಶೀನ.

ಗಿರಿಜಾ ಹುಬ್ಬೇರಿಸಿದಳು. "ಲಾಕ್‌ಡೆಪ್ ಏನೂ ಅನ್ನಲಿಲ್ವಾ?"

2006ರಲ್ಲಿ ಕರ್ನಲ್‌ಗೆ ಬಂದ, ಲಾಕ್ ಹಿಡಿಯುವ ಕ್ರಮದ ಮೇಲೆ ಕಣ್ಣಿಡುವ ಈ ಲಾಕ್‌ಡೆಪ್ ನನಗಂತೂ ಬಹಳ ಇಷ್ಟ. ಇದಕ್ಕೆ ನಿಜವಾದ ಡೆಡ್‌ಲಾಕ್ ಆಗಲೇಬೇಕೆಂದಿಲ್ಲ. ಬೆಳಿಗ್ಗೆ ಒಬ್ಬ ಪೆನ್ನು ಆಮೇಲೆ ಕಾಗದ ಎತ್ತಿದ, ಸಂಜೆ ಇನ್ನೊಬ್ಬ ಕಾಗದ ಆಮೇಲೆ ಪೆನ್ನು ಎತ್ತಿದ ಎಂದರೆ ಸಾಕು. ನಡುವೆ ರೀಬೂಟ್ ಆಗಿರಬಾರದು, ಅಷ್ಟೇ. "ನೀವಿಬ್ಬರೂ ಒಂದು ದಿನ ಜಗಳ ಆಡುತ್ತೀರಿ" ಎಂದು ಆಗಲೇ ಕೂಗುತ್ತದೆ.

"ಲಾಗಿನ ತಲೆಯಿಂದ ತೋರಿಸು."

ಶೀನ ಮೇಲಕ್ಕೆ ಹೋದ. ಬೂಟ್ ಆಗುವಾಗಲೇ ಲಾಕ್‌ಡೆಪ್ ಬೇರೆ ಯಾವುದೋ ಡ್ರೈವರ್ ಮೇಲೆ ಉದ್ದಕ್ಕೆ ದೂರು ಬರೆದಿತ್ತು. ಅದು ಒಂದೇ ಸಲ ಬೈಯುವುದು. ಆಮೇಲೆ ಮುಂದಿನ ಬೂಟ್‌ವರೆಗೆ ಮಾತು ಬಿಡುತ್ತದೆ.

"ಮೂರು ದಿನ!" ಎಂದು ಶೀನ ತಲೆ ಹಿಡಿದುಕೊಂಡ.

ಆ ಡ್ರೈವರ್ ತೆಗೆದು ಮತ್ತೆ ಫಜರ್ ಓಡಿಸಿದ. ಈ ಸಲ ವರದಿ ಬಂತು. ಸಿಜ್‌ಕಾಲರ್ ಉದ್ದದ ಲಾಗ್ ಹಿಡಿದು, ಒಂದೊಂದೇ ಕಾಲ್ ಕಿತ್ತು, "ಇದಿಲ್ಲದಿದ್ದರೂ ಬರುತ್ತದಾ?" ಎಂದು ನೋಡುತ್ತಾ ಹೋಯಿತು. ಕೊನೆಗೆ ಉಳಿದಿದ್ದು ನಾಲ್ಕು ಸಾಲು: ಚುಚ್ಚು, ಓಪನ್ ಮಾಡು, ವಿಚಿತ್ರ ಆರ್ಗ್ಯುಮೆಂಟ್ ಕೊಟ್ಟು ಐಆಕ್ಟಲ್ ಕರೆ, ಕಿತ್ತುಹಾಕು.

"ಅಲ್ಲಯ್ಯ, ಲಾಕ್‌ಡೆಪ್‌ನ ಬಾಯಿ ಮುಚ್ಚಿಸಿದ ಆ ಇನ್ನೊಂದು ಡ್ರೈವರ್ ಯಾವ ಪುಣ್ಯಾತ್ಮನದು?" ಎಂದೆ.

ಶೀನ ಕೆಮ್ಮಿದ. "ಅದೂ ನಂದೇ."