ಟ್ರಯಲ್ಸ್ ಸೈಕಲ್ಲಿನ ರಿಮ್ ಒರಟು ಮಾಡಲು ಯಾವ ಗ್ರೈಂಡರ್, ಯಾವ ಡಿಸ್ಕ್?

ಪ್ರಶ್ನೆ – ಹಿಂಚಕ್ರ

ನನ್ನ ಟ್ರಯಲ್ಸ್ ಸೈಕಲ್ಲಿನ (ಕಾಲು ನೆಲಕ್ಕೆ ತಾಗಿಸದೆ ಬಂಡೆ, ದಿಮ್ಮಿಗಳಂಥ ಅಡೆತಡೆಗಳನ್ನು ದಾಟುವ ಆಟದ ಸೈಕಲ್) ಹಿಂದಿನ ಚಕ್ರಕ್ಕೆ ಮಗುರಾ ಎಚ್‌ಎಸ್ 33 ರಿಮ್ ಬ್ರೇಕ್ ಇದೆ, ಅಂದರೆ ಚಕ್ರದ ಲೋಹದ ಬಳೆಯನ್ನೇ (ರಿಮ್) ಎರಡೂ ಬದಿಯಿಂದ ಪ್ಯಾಡುಗಳು ಒತ್ತಿ ಹಿಡಿಯುವ ಬ್ರೇಕ್. ಹಿಂದಿನ ಚಕ್ರವೊಂದರ ಮೇಲೆಯೇ ನಿಂತು ಕುಪ್ಪಳಿಸುವಾಗ ಲಿವರನ್ನು ಪೂರ್ತಿ ಒತ್ತಿ ಹಿಡಿದರೂ ಚಕ್ರ ಒಂದೆರಡು ಅಂಗುಲ ಜಾರಿಬಿಡುತ್ತದೆ. ರಿಮ್ಮಿಗೆ ಡಾಂಬರು ಸವರಿ ನೋಡಿದೆ. ಒಣಗಿದ್ದಾಗ ಹಿಡಿತ ಸಾಕಷ್ಟಿತ್ತಾದರೂ ನೀರು ಸೋಕಿದೊಡನೆ ಮೊದಲಿಗಿಂತಲೂ ಕೆಟ್ಟಿತು. ಆದ್ದರಿಂದ ರಿಮ್ಮಿನ ಬ್ರೇಕ್ ತಾಗುವ ಭಾಗವನ್ನು ಆಂಗಲ್ ಗ್ರೈಂಡರಿನಿಂದ (ವೇಗವಾಗಿ ತಿರುಗುವ ಡಿಸ್ಕಿನಿಂದ ಉಜ್ಜುವ, ಕತ್ತರಿಸುವ ಕೈಯಂತ್ರ) ಒರಟು ಮಾಡಬೇಕೆಂದಿದ್ದೇನೆ. ಈ ಯಂತ್ರವನ್ನು ನಾನು ಈವರೆಗೆ ಕೈಯಲ್ಲಿ ಹಿಡಿದವನಲ್ಲ. ಎಷ್ಟು ದೊಡ್ಡ ಯಂತ್ರ ಬೇಕು, ಕಬ್ಬಿಣ ಉಜ್ಜುವ ಡಿಸ್ಕ್ ಸಾಕೇ ಅಥವಾ ಕಲ್ಲು ಉಜ್ಜುವ ಡಿಸ್ಕ್ ಬೇಕೇ, ಎಷ್ಟು ಆಳಕ್ಕೆ ಗೀರಬೇಕು ಎಂಬುದನ್ನು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ – ಲೋಹಗೆಲಸ

ಯಂತ್ರದ ಆಯ್ಕೆ ಸುಲಭ. 100 ಅಥವಾ 115 ಮಿಲಿಮೀಟರ್ ಡಿಸ್ಕ್ ಹಿಡಿಯುವ ಚಿಕ್ಕ ಗ್ರೈಂಡರ್ ಸಾಕು. ಈ ಕೆಲಸಕ್ಕೆ ಬಲ ಬೇಕಾಗುವುದಿಲ್ಲ, ಕೈಯ ಹತೋಟಿ ಬೇಕಾಗುತ್ತದೆ. ಹಾಗಾಗಿ ಹೆಚ್ಚು ವ್ಯಾಟಿನ ಭಾರದ ಯಂತ್ರ ಅನುಕೂಲಕ್ಕಿಂತ ತೊಡಕನ್ನೇ ತರುತ್ತದೆ. ಕೈ ಬಿಟ್ಟೊಡನೆ ನಿಲ್ಲುವ ಸ್ವಿಚ್ ಇರುವುದನ್ನು ಆರಿಸಿಕೊಳ್ಳಿ. ವೇಗ ತಗ್ಗಿಸುವ ಸೌಕರ್ಯವಿದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಡಿಸ್ಕಿನ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕು. ಕಬ್ಬಿಣ, ಉಕ್ಕುಗಳಿಗೆಂದು ಮಾರುವ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡಿನ ಹರಳುಗಳಿರುತ್ತವೆ. ರಿಮ್ಮಿನ ಅಲ್ಯೂಮಿನಿಯಂ ಮೆದು ಲೋಹವಾದ್ದರಿಂದ ಉಜ್ಜಿದ ಬಿಸಿಗೆ ಇನ್ನಷ್ಟು ಮೆತ್ತಗಾಗಿ ಆ ಹರಳುಗಳ ನಡುವಿನ ಸಂದುಗಳಲ್ಲಿ ಮೆತ್ತಿಕೊಳ್ಳುತ್ತದೆ. ಆಮೇಲೆ ಡಿಸ್ಕ್ ಕೊರೆಯುವುದನ್ನು ಬಿಟ್ಟು ರಿಮ್ಮನ್ನು ಬರಿದೇ ಉಜ್ಜಿ ನುಣುಪು ಮಾಡತೊಡಗುತ್ತದೆ, ಅಂದರೆ ನಿಮಗೆ ಬೇಕಾದದ್ದಕ್ಕೆ ತೀರಾ ವಿರುದ್ಧವಾದ ಫಲ ಸಿಗುತ್ತದೆ. ಕಲ್ಲು ಮತ್ತು ಕಾಂಕ್ರೀಟಿಗಾಗಿ ಮಾಡಿದ ಡಿಸ್ಕುಗಳಲ್ಲಿ ಸಿಲಿಕಾನ್ ಕಾರ್ಬೈಡ್ ಇರುತ್ತದೆ. ಅದರ ಹರಳುಗಳು ಹೆಚ್ಚು ಚೂಪು, ಬೇಗ ಒಡೆಯುವಂಥವು. ಒಡೆದಂತೆಲ್ಲ ಹೊಸ ಅಂಚು ಮೂಡುವುದರಿಂದ ಡಿಸ್ಕ್ ಅಷ್ಟು ಬೇಗ ಕಟ್ಟಿಕೊಳ್ಳುವುದಿಲ್ಲ. ಟ್ರಯಲ್ಸ್ ಸವಾರರು ಕಲ್ಲಿನ ಡಿಸ್ಕನ್ನೇ ಹುಡುಕುವುದು ಈ ಕಾರಣಕ್ಕೆ. ಫ್ಲ್ಯಾಪ್ ಡಿಸ್ಕ್ (ಉಜ್ಜುಕಾಗದದಂಥ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ್ದು) ಬೇಡ. ಅದು ಇರುವುದೇ ಮೇಲ್ಮೈಯನ್ನು ನಯ ಮಾಡುವುದಕ್ಕೆ.

ಉತ್ತರ – ಹಳೇ ಸವಾರ

ಮೇಲಿನ ಮಾತಿಗೆ ನನ್ನದೊಂದು ತಿದ್ದುಪಡಿ ಇದೆ. ಕಲ್ಲಿನ ಡಿಸ್ಕ್ ಎಂದೊಡನೆ ಹಲವರು ತೆಳುವಾದ ಕಟಿಂಗ್ ಡಿಸ್ಕನ್ನು ತಂದು ಅದರ ಚಪ್ಪಟೆ ಮೈಯನ್ನು ರಿಮ್ಮಿಗೆ ಒತ್ತುತ್ತಾರೆ. ಕಟಿಂಗ್ ಡಿಸ್ಕ್ ಅಂಚಿನಿಂದ ಕತ್ತರಿಸುವುದಕ್ಕಷ್ಟೇ ಆದದ್ದು. ಪಕ್ಕದಿಂದ ಒತ್ತಡ ಬಿದ್ದರೆ ಸಿಡಿಯಬಹುದು. 115 ಮಿಲಿಮೀಟರ್ ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಅದರ ಅಂಚು ಸೆಕೆಂಡಿಗೆ ಸುಮಾರು 66 ಮೀಟರ್ ವೇಗದಲ್ಲಿರುತ್ತದೆ, ಆ ವೇಗದಲ್ಲಿ ಹಾರಿದ ಚೂರಿಗೆ ಮುಖ, ಕುತ್ತಿಗೆ ಎಂಬ ಭೇದವಿಲ್ಲ. ಆದ್ದರಿಂದ ನಡು ತಗ್ಗಿರುವ, ಸುಮಾರು 6 ಮಿಲಿಮೀಟರ್ ದಪ್ಪದ ಗ್ರೈಂಡಿಂಗ್ ಡಿಸ್ಕನ್ನೇ ಕೊಳ್ಳಿ.

ಡಿಸ್ಕಿನ ಮೇಲೆ ಅಚ್ಚಾದ ಗರಿಷ್ಠ ವೇಗ ನಿಮ್ಮ ಯಂತ್ರದ ವೇಗಕ್ಕಿಂತ ಕಡಿಮೆ ಇರಕೂಡದು. ಗಾರ್ಡ್ (ಡಿಸ್ಕನ್ನು ಮುಚ್ಚಿರುವ ರಕ್ಷಣೆಯ ತಗಡು) ಬಿಚ್ಚಿ ದೊಡ್ಡ ಡಿಸ್ಕ್ ಹಾಕುವವರನ್ನು ನೋಡಿದ್ದೇನೆ; 230 ಮಿಲಿಮೀಟರಿನ ಸಾಮಾನ್ಯ ಡಿಸ್ಕಿನ ಮಿತಿ ನಿಮಿಷಕ್ಕೆ 6,600 ಸುತ್ತುಗಳ ಆಸುಪಾಸಿನಲ್ಲಿರುತ್ತದೆ ಎಂಬುದು ಅವರಿಗೆ ಗೊತ್ತಿರಲಾರದು. ನಡುವಿನ ಲೋಹದ ಬಳೆಯ ಮೇಲೆ ಬಳಕೆಯ ಕೊನೆಯ ತಿಂಗಳು ಮತ್ತು ವರ್ಷ ಇದ್ದರೆ ಅದನ್ನೂ ಓದಿಕೊಳ್ಳಿ, ಏಕೆಂದರೆ ಹರಳುಗಳನ್ನು ಹಿಡಿದಿಟ್ಟಿರುವ ರಾಳ ಕಾಲ ಕಳೆದಂತೆ, ತೇವ ತಗುಲಿದಂತೆ ಬಲ ಕಳೆದುಕೊಳ್ಳುತ್ತದೆ. ಹೊಸ ಡಿಸ್ಕ್ ಹಾಕಿದ ಮೇಲೆ ಅರ್ಧ ನಿಮಿಷವಾದರೂ ಯಾರ ಕಡೆಗೂ ತಿರುಗಿಸದೆ ಬರಿದೇ ಓಡಿಸಿ ನೋಡಬೇಕು.

ಆಳದ ಬಗ್ಗೆ ಕೇಳಿದ್ದೀರಿ. ಬ್ರೇಕ್ ಪ್ಯಾಡ್ ಕಚ್ಚುವುದು ಗೀರಿನ ಚೂಪಾದ ಅಂಚನ್ನೇ ಹೊರತು ಅದರ ತಳವನ್ನಲ್ಲ. ಆಳವಾದ ಒಂದು ಗೀರಿಗಿಂತ ಒತ್ತೊತ್ತಾದ ಹತ್ತು ತೆಳು ಗೀರುಗಳು ಹೆಚ್ಚು ಹಿಡಿಯುತ್ತವೆ. ಡಿಸ್ಕನ್ನು ಓರೆಯಾಗಿ ಹಿಡಿದು, ತಾಗಿಸಿ ಎತ್ತಿ, ತಾಗಿಸಿ ಎತ್ತಿ, ಸುತ್ತಲೂ ಒಂದೇ ಸಮನಾಗಿ ಹೋಗಬೇಕು; ಒಂದೇ ಕಡೆ ನಿಲ್ಲಿಸಿದರೆ ಅಲ್ಲಿ ಹಳ್ಳ ಬಿದ್ದು, ಚಕ್ರ ಸುತ್ತಿದಾಗಲೆಲ್ಲ ಬ್ರೇಕ್ ಅಲ್ಲಿ ಸಡಿಲವಾಗುತ್ತದೆ. ಹಿಡಿತ ಸವೆದಾಗ ಮತ್ತೆ ಗೀರಬೇಕಾಗುತ್ತದೆ, ಪ್ರತಿ ಸಲವೂ ರಿಮ್ಮಿನ ಗೋಡೆ ತೆಳುವಾಗುತ್ತದೆ. ನನ್ನ ಮೊದಲ ರಿಮ್ಮನ್ನು ಉತ್ಸಾಹದಿಂದ ಉಜ್ಜಿ ಉಜ್ಜಿ ಟೈರಿನ ಅಂಚು ಕೂರುವಲ್ಲೇ ಸೀಳುಬಿಡುವಂತೆ ಮಾಡಿಕೊಂಡೆ. ರಸ್ತೆಯ ಸೈಕಲ್ಲಿನ ರಿಮ್ಮಿಗಂತೂ ಈ ಕೆಲಸ ಮಾಡಲೇಬಾರದು, ಅಲ್ಲಿ ಟೈರಿನ ಒತ್ತಡ ಬಹಳ ಹೆಚ್ಚು.

ಹಿಂಚಕ್ರ

ಇಬ್ಬರಿಗೂ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಟೈರನ್ನು ಬಿಚ್ಚಲೇಬೇಕೇ, ಬಟ್ಟೆ ಸುತ್ತಿದರೆ ಸಾಲದೇ? ಮುಂದಿನ ಚಕ್ರಕ್ಕೂ ಹೀಗೆಯೇ ಮಾಡಬಹುದೇ?

ಉತ್ತರ – ಲೋಹಗೆಲಸ

ಬಟ್ಟೆ ಖಂಡಿತ ಬೇಡ, ತಿರುಗುವ ಡಿಸ್ಕಿಗೆ ಅದರ ಅಂಚು ಸಿಕ್ಕಿದರೆ ಯಂತ್ರ ಕೈಯಿಂದ ಕಿತ್ತುಕೊಳ್ಳುತ್ತದೆ. ಅದೇ ಕಾರಣಕ್ಕೆ ಸಡಿಲ ತೋಳಿನ ಅಂಗಿಯೂ ಬೇಡ. ಮೊದಲ ಸಲ ಟೈರು, ಟ್ಯೂಬು ಎರಡನ್ನೂ ಬಿಚ್ಚಿ, ಚಕ್ರ ತಿರುಗದಂತೆ ಗಟ್ಟಿಯಾಗಿ ಕಟ್ಟಿ ಕೆಲಸ ಮಾಡಿ. ಕನ್ನಡಕ, ಮುಖಕವಚ, ದೂಳು ತಡೆಯುವ ಮಾಸ್ಕ್ ಇರಲಿ. ಅಲ್ಯೂಮಿನಿಯಂ ದೂಳು ಬಿದ್ದಲ್ಲಿ ಆಮೇಲೆ ಕಬ್ಬಿಣವನ್ನು ಉಜ್ಜಿ ಕಿಡಿ ಹಾರಿಸಬೇಡಿ. ಆ ದೂಳು ಹೊತ್ತಿಕೊಳ್ಳುವಂಥದ್ದು.

ಮುಂದಿನ ಚಕ್ರವನ್ನು ಸದ್ಯ ಹಾಗೆಯೇ ಬಿಡಿ. ಒರಟು ರಿಮ್ಮಿನ ಬ್ರೇಕ್ ಸ್ವಲ್ಪ ಮುಟ್ಟಿದರೂ ಒಮ್ಮೆಲೇ ಹಿಡಿಯುತ್ತದೆ. ಅದು ಹಿಂದೆ ಅನುಕೂಲ, ಮುಂದೆ ಅಭ್ಯಾಸವಿಲ್ಲದವರನ್ನು ಹ್ಯಾಂಡಲಿನ ಮೇಲಿಂದ ಎಸೆಯುವ ಸಂಗತಿ. ಗೀರಿದ ರಿಮ್ಮನ್ನು ಒಣ ಬ್ರಷ್ಷಿನಿಂದ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿದ ನಂತರವೇ ಪ್ಯಾಡ್ ತಾಗಿಸಿ. ಮೆತ್ತನೆಯ ರಬ್ಬರ್ ಪ್ಯಾಡುಗಳನ್ನು ಹೊಸ ಗೀರುಗಳು ಬೇಗನೆ ತಿಂದುಹಾಕುತ್ತವೆ, ಆದುದರಿಂದ ಒರಟು ರಿಮ್ಮಿಗೆಂದೇ ಮಾಡಿದ ಗಡಸು ಪ್ಯಾಡುಗಳನ್ನು ಮೊದಲೇ ತರಿಸಿಟ್ಟುಕೊಂಡು ಗ್ರೈಂಡರ್ ಹಿಡಿಯಿರಿ.