ಸ್ಪ್ರಿಂಗ್‌ಬ್ಯಾಂಕ್: "ಎರಡೂವರೆ ಸಲ" ಬಟ್ಟಿ ಇಳಿಸೋದು ಅಂದರೆ ಹೇಗೆ?

ಪ್ರಶ್ನೆ:
ಸ್ಕಾಟ್ಲೆಂಡಿನ ಕ್ಯಾಂಬೆಲ್‌ಟೌನ್‌ನಲ್ಲಿ 1828ರಲ್ಲಿ ಶುರುವಾದ ಸ್ಪ್ರಿಂಗ್‌ಬ್ಯಾಂಕ್ ಡಿಸ್ಟಿಲರಿ ಬಗ್ಗೆ ಓದುತ್ತಿದ್ದೆ. ವಿಸ್ಕಿಯನ್ನು ಎರಡೂವರೆ ಸಲ ಬಟ್ಟಿ ಇಳಿಸುತ್ತಾರೆ ಅಂತ ಬರೆದಿತ್ತು. ಎರಡು ಸಲ, ಮೂರು ಸಲ ಅರ್ಥವಾಗುತ್ತೆ. ಅರ್ಧ ಹೇಗೆ? ಮಧ್ಯದಲ್ಲಿ ಬೆಂಕಿ ಆರಿಸಿಬಿಡ್ತಾರಾ? ಇನ್ನೊಂದು, ಆ ಪುಟ್ಟ ಊರಲ್ಲಿ ಒಂದು ಕಾಲಕ್ಕೆ ಮೂವತ್ತರ ಹತ್ತಿರ ಡಿಸ್ಟಿಲರಿ ಇದ್ದವಂತೆ, ಅವೆಲ್ಲ ಏನಾದವು?

ಉತ್ತರ 1:
ಮಧ್ಯದಲ್ಲಿ ಏನೂ ನಿಲ್ಲಿಸಲ್ಲ. ಅಲ್ಲಿ ಮೂರು ತಾಮ್ರದ ಹಂಡೆಗಳಿವೆ. ಹುದುಗಿದ ಬಾರ್ಲಿ ರಸ ಮೊದಲನೆಯದಕ್ಕೆ ಹೋಗುತ್ತೆ, ಈ ಹಂಡೆಗೆ ಈಗಲೂ ಅಡಿಯಿಂದ ನೇರ ಉರಿ ಕೊಡುತ್ತಾರೆ. ಬರುವುದನ್ನು ಲೋ ವೈನ್ಸ್ ಅನ್ನುತ್ತಾರೆ. ಅದರಲ್ಲಿ ದೊಡ್ಡ ಪಾಲು ಎರಡನೇ ಹಂಡೆಗೆ ಹೋಗಿ ಮತ್ತೆ ಇಳಿಯುತ್ತೆ, ಹೀಗೆ ಎರಡು ಸಲ ಇಳಿದದ್ದಕ್ಕೆ ಅಲ್ಲಿ ಫೀಂಟ್ಸ್ ಅನ್ನುತ್ತಾರೆ, ಸ್ವಲ್ಪ ಪಾಲು ಹಾಗೇ ಉಳಿಯುತ್ತೆ. ಮೂರನೇ ಹಂಡೆಗೆ ಸುಮಾರು 80 ಪಾಲು ಫೀಂಟ್ಸ್, 20 ಪಾಲು ಲೋ ವೈನ್ಸ್ ಸೇರಿಸಿ ಹಾಕುತ್ತಾರೆ. ಅಂದರೆ ಕೊನೆಗೆ ಬರುವುದರಲ್ಲಿ ಸ್ವಲ್ಪ ಎರಡೇ ಸಲ ಇಳಿದದ್ದು, ಹೆಚ್ಚಿನದು ಮೂರು ಸಲ ಇಳಿದದ್ದು. ಆ ಬೆರಕೆಗೇ "ಎರಡೂವರೆ" ಅಂತ ಹೆಸರು.

ಉತ್ತರ 2:
ಹಂಡೆಗಿಂತ ನನಗೆ ಇಷ್ಟವಾಗೋದು ಅವರು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಮಾಡೋ ಮನೆ. ತಮಗೆ ಬೇಕಾದ ಅಷ್ಟೂ ಬಾರ್ಲಿಯನ್ನು ಅಲ್ಲೇ ನೆಲದ ಮೇಲೆ ಹರವಿ, ಸಲಿಕೆಯಿಂದ ಕೈಯಲ್ಲೇ ತಿರುವಿ ಮೊಳಕೆ ಬರಿಸುತ್ತಾರೆ. ಬೇರೆ ಬಹುತೇಕ ಕಡೆ ಮಾಲ್ಟನ್ನು ಹೊರಗಿನಿಂದ ಕೊಳ್ಳುತ್ತಾರೆ. ಅಲ್ಲಿ ಮೂರು ಹೆಸರಿನ ವಿಸ್ಕಿ ಮಾಡುತ್ತಾರೆ, ಒಣಗಿಸೋದರಲ್ಲೇ ಅವುಗಳ ದಾರಿ ಬೇರೆಯಾಗುತ್ತೆ ನೋಡಿ: ಸ್ಪ್ರಿಂಗ್‌ಬ್ಯಾಂಕ್‌ಗೆ ಸುಮಾರು 6 ಗಂಟೆ ಪೀಟ್ (ಜೌಗು ನೆಲದಿಂದ ಅಗೆದು ಉರಿಸೋ ಸಸ್ಯಮಣ್ಣು) ಹೊಗೆ, ಉಳಿದದ್ದು ಬಿಸಿ ಗಾಳಿ. ಲಾಂಗ್‌ರೋಗೆ 48 ಗಂಟೆವರೆಗೂ ಹೊಗೆ, ಆದರೆ ಎರಡೇ ಸಲ ಬಟ್ಟಿ. ಹೇಜಲ್‌ಬರ್ನ್‌ಗೆ ಹೊಗೆಯೇ ಇಲ್ಲ, ಮೂರು ಸಲ ಬಟ್ಟಿ. ಒಂದೇ ಸೂರಿನಡಿ, ಅವೇ ಹಂಡೆಗಳಲ್ಲಿ ಮೂರು ಬೇರೆ ಬೇರೆ ವಿಸ್ಕಿ! ಬಾಟಲಿಗೆ ತುಂಬೋದೂ ಅಲ್ಲೇ, ಬಣ್ಣ ಬೆರೆಸಲ್ಲ.

ಪ್ರಶ್ನೆ ಕೇಳಿದವರು:
ಈಗ ಅರ್ಥವಾಯ್ತು, ಅರ್ಧ ಅನ್ನೋದು ಪಾಲಿನ ಲೆಕ್ಕ! ಇಬ್ಬರಿಗೂ ಥ್ಯಾಂಕ್ಸ್. ಊರಿನ ಕಥೆ ಯಾರಾದರೂ ಹೇಳಿ.

ಉತ್ತರ 3:
ನಾನು ಹೇಳ್ತೀನಿ. ಕ್ಯಾಂಬೆಲ್‌ಟೌನ್ ಬಂದರು ಊರು. ಬಾರ್ಲಿ, ಕಲ್ಲಿದ್ದಲು ಹತ್ತಿರದಲ್ಲೇ ಇತ್ತು, ಸರಕು ಹಡಗಿನಲ್ಲಿ ಗ್ಲಾಸ್ಗೋಗೆ ಹೋಗುತ್ತಿತ್ತು. ಆಮೇಲೆ ಬ್ಲೆಂಡ್ ಮಾಡುವವರು, ಅಂದರೆ ಹಲವು ಡಿಸ್ಟಿಲರಿಗಳ ವಿಸ್ಕಿ ಕೊಂಡು ಬೆರೆಸಿ ಮಾರುವವರು, ಸ್ಕಾಟ್ಲೆಂಡಿನದೇ ಇನ್ನೊಂದು ಪ್ರದೇಶವಾದ ಸ್ಪೇಸೈಡ್‌ನ ಹಗುರ ವಿಸ್ಕಿ ಕಡೆ ವಾಲಿದರು. 1920ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಬಂತು, ಆಮೇಲೆ ಹತ್ತಿರದ ಕಲ್ಲಿದ್ದಲು ಗಣಿಯೂ ಮುಚ್ಚಿತು. ಅವಸರದಲ್ಲಿ ಕೆಟ್ಟ ಸರಕು ಮಾಡಿ ಊರಿನ ಹೆಸರು ಕೆಡಿಸಿದವರೂ ಇದ್ದರು ಅನ್ನುತ್ತಾರೆ. 1930ರ ದಶಕದ ಮಧ್ಯದ ಹೊತ್ತಿಗೆ ಸ್ಪ್ರಿಂಗ್‌ಬ್ಯಾಂಕ್, ಗ್ಲೆನ್ ಸ್ಕೋಶಿಯಾ ಎರಡೇ ಉಳಿದವು. ಸ್ಪ್ರಿಂಗ್‌ಬ್ಯಾಂಕ್ ಮಿಚೆಲ್ ಮನೆತನದ ಕೈಯಲ್ಲೇ ಇತ್ತು. 1925ರಲ್ಲಿ ಮುಚ್ಚಿದ್ದ ಪಕ್ಕದ ಗ್ಲೆನ್‌ಗೈಲ್ ಡಿಸ್ಟಿಲರಿಯನ್ನೂ ಅವರೇ ಕೊಂಡು 2004ರಲ್ಲಿ ಮತ್ತೆ ಶುರು ಮಾಡಿದರು. ಅದರ ವಿಸ್ಕಿ ಕಿಲ್ಕೆರನ್ ಅನ್ನೋ ಹೆಸರಲ್ಲಿ ಬರುತ್ತೆ, ಅದಕ್ಕೆ ಬೇಕಾದ ಮಾಲ್ಟ್ ಕೂಡ ಸ್ಪ್ರಿಂಗ್‌ಬ್ಯಾಂಕ್‌ನ ಅದೇ ನೆಲದ ಮೇಲೆ ಮೊಳೆಯುತ್ತೆ.